ಭೂಪಟದಲ್ಲಿ ಸಿಕ್ಕ ಭಾಮಿನಿ

ಅಂದು ಷಟ್ಪದಿಯ ಪಾಠಕ್ಕೆ ಸಮಾಜ ವಿಜ್ಞಾನದ ಮೇಷ್ಟರ ಹತ್ತಿರ ಕರ್ನಾಟಕದ ಭೂಪಟ ಕೇಳಿಕೊಂಡು ಹೋಗಿದ್ದೆ. ಒಂಬತ್ತನೆಯ ತರಗತಿ, ಬಿಸಿಯೂಟ ಮುಗಿದ ಮೇಲಿನ ಮೊದಲ ಪೀರಿಯಡ್. ಮಕ್ಕಳ ಕಣ್ಣು ಎಳೆಯುವ ಹೊತ್ತು. ಕರಿಹಲಗೆಯ ಮೊಳೆಗೆ ಭೂಪಟ ತೂಗುಹಾಕಿ, ‘ಒಬ್ಬೊಬ್ಬರೇ ಒಂದೊಂದು ಜಿಲ್ಲೆಯ ಹೆಸರು ಹೇಳಿ, ಹೇಳುವಾಗ ಚಪ್ಪಾಳೆ ತಟ್ಟಿ. ಗಿಡ್ಡ ಅಕ್ಷರಕ್ಕೆ ಒಂದು, ಉದ್ದಕ್ಕೆ ಎರಡು’ ಎಂದೆ. ಉಡುಪಿಗೆ ಮೂರು ಚಪ್ಪಾಳೆ ಬಿತ್ತು. ಹಾಸನಕ್ಕೆ ನಾಲ್ಕು. ಧಾರವಾಡಕ್ಕೆ ಆರು. ಶಿವಮೊಗ್ಗ ಬಂದಾಗ ಜಗಳ ಹತ್ತಿತು. ಎಲ್ಲವೂ ಗಿಡ್ಡ ಅಕ್ಷರಗಳೇ, ನಾಲ್ಕೇ ಚಪ್ಪಾಳೆ ಎಂದು ಒಂದು ಗುಂಪು. ಇಲ್ಲ, ಐದು ಎಂದು ಇನ್ನೊಂದು. ‘ಜೋರಾಗಿ ಹೇಳಿ ನೋಡಿ’ ಎಂದೆ. ಹೇಳಿದಾಗ ‘ಮೊ’ ಮೇಲೆ ನಾಲಿಗೆ ಒಂದು ಗಳಿಗೆ ನಿಂತು, ಒತ್ತಿ, ಆಮೇಲೆ ‘ಗ್ಗ’ಕ್ಕೆ ಹೋಗುತ್ತದೆ ಎಂಬುದು ಅವರಿಗೇ ತಿಳಿಯಿತು. ಐದು ಅಂದವರು ಗೆದ್ದರು. ಒತ್ತಕ್ಷರದ ಹಿಂದಿನ ಅಕ್ಷರ ಗುರು ಎಂಬ ನಿಯಮವನ್ನು ನಾನು ಬಾಯಿ ಬಿಟ್ಟು ಹೇಳಬೇಕಾಗಿಯೇ ಬರಲಿಲ್ಲ.

31 ಜಿಲ್ಲೆಗಳನ್ನು ಚಪ್ಪಾಳೆಯ ಲೆಕ್ಕದಲ್ಲಿ ಗುಂಪು ಮಾಡಿದೆವು. ಐದು, ಆರರ ಗುಂಪುಗಳು ದೊಡ್ಡವು. ಮೂರರ ಗುಂಪಿನಲ್ಲಿ ನಾಲ್ಕೇ ನಾಲ್ಕು: ಉಡುಪಿ, ಗದಗ, ಕೊಡಗು, ಮಂಡ್ಯ. ನಾಲ್ಕರ ಗುಂಪಿನಲ್ಲಿ ಹಾಸನ, ಕೊಪ್ಪಳ, ಬೀದರ. ಈಗ ಮೂರರದೊಂದು, ನಾಲ್ಕರದೊಂದು ಜೋಡಿಸಿ ಹೇಳಿ ಎಂದೆ. ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತು ಹೇಳಿದಳು: ಉಡುಪಿ ಹಾಸನ ಗದಗ ಕೊಪ್ಪಳ. ಇಡೀ ತರಗತಿ ಅದನ್ನೇ ಹಿಡಿದುಕೊಂಡಿತು. ಮೂರು, ನಾಲ್ಕು, ಮೂರು, ನಾಲ್ಕು. ಒಟ್ಟು ಹದಿನಾಲ್ಕು ಮಾತ್ರೆ. ಭಾಮಿನಿ ಷಟ್ಪದಿಯ ಮೊದಲ ಸಾಲು.

ಎರಡನೆಯ ಸಾಲಿಗೆ ಕೊಡಗು, ಬೀದರ, ಮಂಡ್ಯ ಉಳಿದಿದ್ದವು. ನಾಲ್ಕರ ಗುಂಪಿಗೆ ಒಂದು ಜಿಲ್ಲೆ ಕಡಿಮೆ ಬಿತ್ತು. ಮೈಸೂರು ಹಾಕೋಣವೆಂದರೆ ಅದಕ್ಕೆ ಐದು ಮಾತ್ರೆ. ಹಿಂದಿನ ಸಾಲಿನಿಂದ ಒಬ್ಬ ಕೂಗಿದ: ‘ಅಕ್ಕಾರ, ಮೈಸೂರು ಅನ್ನಬ್ಯಾಡ್ರಿ, ಮೈಸೂರ್ ಅನ್ರಿ, ಕೂಡತೈತಿ.’ ಕೂಡಿತು. ಕೊಡಗು ಬೀದರ ಮಂಡ್ಯ ಮೈಸೂರ್. ಎರಡೂ ಸಾಲನ್ನು ಹಲಗೆಯ ಮೇಲೆ ಒಂದರ ಕೆಳಗೊಂದು ಬರೆದಾಗ ನನಗೇ ಮೈ ಜುಮ್ಮೆಂದಿತು. ಉಡುಪಿಯ ಎರಡನೆಯ ಅಕ್ಷರ ಡಕಾರ, ಕೊಡಗಿನದೂ ಡಕಾರ. ಹಳೆಯ ಕವಿಗಳು ಬಿಡದೆ ಪಾಲಿಸಿಕೊಂಡು ಬಂದ ಆದಿಪ್ರಾಸ ತಾನಾಗಿ ಬಂದು ಕೂತಿತ್ತು.

ಮೂರನೆಯ ಸಾಲು ಉದ್ದ. ಮೂರು-ನಾಲ್ಕರ ಜೋಡಿ ಮೂರು ಸಲ ಬಂದು ಕೊನೆಗೆ ಒಂದು ಗುರು ಬೇಕು, ಒಟ್ಟು 23 ಮಾತ್ರೆ. ಜಿಲ್ಲೆಗಳು ಮುಗಿದಿದ್ದರಿಂದ ತಾಲ್ಲೂಕುಗಳಿಗೆ ಇಳಿದರು: ಇಂಡಿ ಕುಷ್ಟಗಿ ರೋಣ ಸಿಂದಗಿ ಸೊರಬ ಸಾಗರ. ಕೊನೆಯ ಗುರುವಿಗೆ ಯಾವ ಊರೂ ಸಿಗಲಿಲ್ಲ. ‘ರೀ ಹಚ್ರಿ’ ಎಂದಳು ಒಬ್ಬಳು. ಸಾಗರ ರೀ! ದಿನಕ್ಕೆ ನೂರು ಸಲ ಆಡುವ ‘ರೀ’ ಷಟ್ಪದಿಯ ಗುರುವಿನ ಜಾಗದಲ್ಲಿ ಹೋಗಿ ಕೂತ ಕ್ಷಣದಲ್ಲಿ ತರಗತಿ ನಕ್ಕದ್ದು ಪಕ್ಕದ ಕೋಣೆಗೂ ಕೇಳಿಸಿರಬೇಕು. ಅರ್ಧ ಭಾಮಿನಿ ಸಿದ್ಧವಾಗಿತ್ತು.

ಇದನ್ನು ಇಷ್ಟು ವಿವರವಾಗಿ ಹೇಳಲು ಕಾರಣವಿದೆ. ಛಂದಸ್ಸು ಎಂದರೆ ಹೈಸ್ಕೂಲಿನ ಮಕ್ಕಳಿಗೆ ಕಬ್ಬಿಣದ ಕಡಲೆ. ಲಘುವಿಗೆ ಬಟ್ಟಲಿನಂಥ ಗುರುತು, ಗುರುವಿಗೆ ಅಡ್ಡಗೆರೆ. ಪ್ರಸ್ತಾರ ಹಾಕಿ, ಗಣ ವಿಭಾಗ ಮಾಡಿ, ಛಂದಸ್ಸಿನ ಹೆಸರು ಬರೆಯಿರಿ ಎಂಬ ಪ್ರಶ್ನೆಗೆ ಮಕ್ಕಳು ಉತ್ತರ ಬರೆದು ಅಂಕ ತೆಗೆಯುತ್ತಾರೆ. ಆದರೆ ತಾವು ಗುರುತು ಹಾಕಿದ ಸಾಲು ಹೇಗೆ ಕೇಳಿಸುತ್ತದೆ ಎಂದು ಅವರಲ್ಲಿ ಎಷ್ಟೋ ಮಂದಿಗೆ ಗೊತ್ತಿರುವುದಿಲ್ಲ. ಗುರುತು ಕಣ್ಣಿನದು, ಮಾತ್ರೆ ಕಿವಿಯದು. ಕಿವಿಗೆ ಬೀಳದ ಪದ್ಯವನ್ನು ಕಣ್ಣಿಗೆ ತೋರಿಸಿ ಅಳೆಸುತ್ತಿದ್ದೇವೆ.

ಛಂದಸ್ಸೊಂದರದೇ ಕಥೆಯಲ್ಲ ಇದು. ಪದ್ಯಪಾಠ ನಡೆಯುವ ಕ್ರಮ ಶಾಲೆಗೆ ಹೋದವರಿಗೆಲ್ಲ ಗೊತ್ತು. ಮೊದಲು ಕವಿ ಪರಿಚಯ: ಹುಟ್ಟಿದ ಊರು, ಇಸವಿ, ಕೃತಿಗಳು, ಪ್ರಶಸ್ತಿಗಳು. ಆಮೇಲೆ ಪದಗಳ ಅರ್ಥ. ಆಮೇಲೆ ಸಾಲು ಸಾಲಾಗಿ ಸಾರಾಂಶ, ಅದನ್ನು ಬರೆಸುವುದು. ಪ್ರಶ್ನೋತ್ತರ, ಸಂದರ್ಭದೊಡನೆ ಸ್ವಾರಸ್ಯ. ಕಟ್ಟಕಡೆಗೆ, ಪರೀಕ್ಷೆಗೆ ಬರುವ ಪದ್ಯವಾದರೆ ಕಂಠಪಾಠ. ಪದ್ಯವನ್ನು ಬಾಯಿ ತುಂಬ ಹೇಳುವ ಹೊತ್ತಿಗೆ ಮಗುವಿಗೆ ಅದು ಹಳಸಿಹೋಗಿರುತ್ತದೆ. ಊಟಕ್ಕೆ ಕರೆದು, ಅಡುಗೆಯ ಪಟ್ಟಿ ಬರೆಸಿ, ಕೊನೆಗೆ ತಣ್ಣಗಾದ ಅನ್ನ ಬಡಿಸಿದ ಹಾಗೆ. ಇದರಲ್ಲಿ ಶಿಕ್ಷಕರನ್ನಷ್ಟೇ ದೂರಿ ಫಲವಿಲ್ಲ. ಪ್ರಶ್ನೆಪತ್ರಿಕೆ ಕೇಳುವುದು ಸಾರಾಂಶವನ್ನೇ, ಅದೂ ಗೈಡಿನಲ್ಲಿ ಸಿದ್ಧವಾಗಿಯೇ ಸಿಗುತ್ತದೆ. ನಲವತ್ತು ನಿಮಿಷದ ಪೀರಿಯಡ್, ಮುಗಿಸಬೇಕಾದ ಪಾಠಗಳು, ಮಧ್ಯೆ ಗಣತಿ, ತರಬೇತಿ, ದಾಖಲೆಗಳ ಕೆಲಸ. ಇಷ್ಟರ ನಡುವೆ ಪದ್ಯವನ್ನು ಮೂರು ಸಲ ಸುಮ್ಮನೆ ಓದಿ ಕೇಳಿಸುವುದು ಕಾಲಹರಣದಂತೆ ಕಾಣುತ್ತದೆ. ಆದರೂ ಪದ್ಯ ಉಳಿಯುವುದು ಆ ಮೂರು ಓದಿನಲ್ಲಿಯೇ ಎಂದು ಇಷ್ಟು ವರ್ಷಗಳ ಮೇಲೆ ನಾನು ಗಟ್ಟಿಯಾಗಿ ನಂಬಿದ್ದೇನೆ.

ನಮ್ಮಲ್ಲಿ ಇದಕ್ಕೆ ಹಳೆಯ ಮಾದರಿಯೇ ಇದೆ. ಗಮಕದಲ್ಲಿ ಇಬ್ಬರು ಕೂರುತ್ತಾರೆ; ಒಬ್ಬರು ವಾಚನ ಮಾಡುತ್ತಾರೆ, ಇನ್ನೊಬ್ಬರು ವ್ಯಾಖ್ಯಾನ. ಪದ್ಯ ಮೊದಲು ರಾಗದಲ್ಲಿ ಕಿವಿಗೆ ಬೀಳುತ್ತದೆ. ಗಮಕಿ ಸಂಧಿ ಬಿಡಿಸಿ, ಅರ್ಥಕ್ಕೆ ತಕ್ಕಂತೆ ಪದ ಒಡೆದು, ಬೇಕಾದ ಕಡೆ ಮತ್ತೆ ಹೇಳಿ, ಅರ್ಧ ಅರ್ಥವನ್ನು ದನಿಯಲ್ಲೇ ದಾಟಿಸಿರುತ್ತಾರೆ. ವ್ಯಾಖ್ಯಾನ ಬರುವುದು ಆಮೇಲೆ. ಓದುಬರಹ ಬಾರದ ಹಳ್ಳಿಯ ಜನ ಕುಮಾರವ್ಯಾಸನನ್ನೂ ಲಕ್ಷ್ಮೀಶನನ್ನೂ ತಮ್ಮವರನ್ನಾಗಿ ಮಾಡಿಕೊಂಡದ್ದು ಈ ಕ್ರಮದಿಂದ. ಶಿವಮೊಗ್ಗದ ಬಳಿ ತುಂಗೆಯ ದಡದ ಹೊಸಹಳ್ಳಿಯಲ್ಲಿ ಗಮಕ ಇಂದಿಗೂ ಮನೆಮಾತು, ಅಲ್ಲಿನ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಕುಮಾರವ್ಯಾಸ ಭಾರತ ನಡೆಯುವುದು ನನ್ನ ತರಗತಿಯ ಮಕ್ಕಳು ಜಿಲ್ಲೆಗಳ ಹೆಸರಿನಲ್ಲಿ ಕಂಡುಕೊಂಡ ಅದೇ ಭಾಮಿನಿಯಲ್ಲಿ. ಪಠ್ಯದಲ್ಲಿ ಅವನು ಬಂದಾಗ ‘ಇದು ನಮ್ಮ ಉಡುಪಿ ಹಾಸನದ ಚಾಲ್ ಐತ್ರಿ’ ಎಂದು ಒಬ್ಬ ಹುಡುಗ ಹೇಳಿದ. ಕವಿಯ ಕಾಲ, ಬಿರುದು, ಅಂಕಿತ ಎಲ್ಲವನ್ನೂ ಅದಕ್ಕೆ ಮೊದಲೇ ಬರೆಸಿದ್ದರೆ ಈ ಮಾತು ಬರುತ್ತಿರಲಿಲ್ಲ.

ಪ್ರಾಸದ ಪಾಠವೂ ಹೀಗೆಯೇ. ನಮ್ಮ ಛಂದಶ್ಶಾಸ್ತ್ರದಲ್ಲಿ ಆರು ಪ್ರಾಸಗಳಿಗೆ ಆರು ಪ್ರಾಣಿಗಳ ಹೆಸರಿದೆ: ಸಿಂಹ, ಗಜ, ವೃಷಭ, ಶರಭ, ಅಜ, ಹಯ. ಪ್ರಾಸಾಕ್ಷರದ ಹಿಂದೆ ಹ್ರಸ್ವವಿದ್ದರೆ ಸಿಂಹ, ದೀರ್ಘವಿದ್ದರೆ ಗಜ, ಬಿಂದುವಿದ್ದರೆ ವೃಷಭ, ವಿಸರ್ಗವಿದ್ದರೆ ಅಜ. ಅಲ್ಲಿ ಬೇರೆ ಬೇರೆ ವ್ಯಂಜನಗಳ ಒತ್ತು ಬಂದರೆ ಶರಭ, ಅದೇ ಅಕ್ಷರದ ದಡ್ಡಕ್ಕರ ಬಂದರೆ ಹಯ. ಬಾಯಿಪಾಠಕ್ಕೆ ಕೊಟ್ಟರೆ ಇದು ಒಂದು ವಾರ ಬೇಡುತ್ತದೆ. ಮಕ್ಕಳ ಹೆಸರಿಗೇ ಹಚ್ಚಿ ನೋಡಿದರೆ ಒಂದು ಪೀರಿಯಡ್ ಸಾಕು. ಕಮಲ ಸಿಂಹವಾದಳು, ಗೀತಾ ಆನೆಯಾದಳು, ಚಂದ್ರು ಎತ್ತಾದ, ರತ್ನ ಶರಭವಾದಳು, ಮಲ್ಲೇಶ ಕುದುರೆಯಾದ. ಅಜ ಮಾತ್ರ ಸಿಗಲಿಲ್ಲ. ವಿಸರ್ಗವಿರುವ ಹೆಸರಿನವರು ತರಗತಿಯಲ್ಲಿ ಯಾರೂ ಇರಲಿಲ್ಲ. ಹುಡುಕಿ ಹುಡುಕಿ ಮರುದಿನ ಒಬ್ಬಳು ‘ದುಃಖ’ ತಂದಳು. ಇಂಡಿಯ ಸಾಲಿನಲ್ಲಿ ಡಕಾರವೇನೋ ಉಳಿದಿದೆ, ಆದರೆ ಬಿಂದು ಬಂದು ಸಿಂಹ ಹೋಗಿ ಎತ್ತು ನಿಂತಿದೆ ಎಂದು ಆಮೇಲೆ ಅವರೇ ನನ್ನ ಕಣ್ಣಿಗೆ ತಂದರು.

ಕಿರಿಯ ತರಗತಿಗಳಲ್ಲಿ ಕಿವಿಯ ಈ ಸುಖ ಇನ್ನೂ ಉಳಿದಿದೆ. 1995ರಲ್ಲಿ ಹೆಗ್ಗಡದೇವನಕೋಟೆಯ ಶಾಲೆಗಳಲ್ಲಿ ಶುರುವಾಗಿ ನಾಡಿಗೆಲ್ಲ ಹಬ್ಬಿದ ನಲಿಕಲಿಯಲ್ಲಿ ಒಂದರಿಂದ ಮೂರನೆಯ ತರಗತಿಯ ಮಕ್ಕಳು ದಿನವೂ ಹಾಡುತ್ತಾರೆ, ಕುಣಿಯುತ್ತಾರೆ. ನಾಲ್ಕನೆಯ ತರಗತಿಗೆ ಕಾಲಿಟ್ಟ ಮೇಲೆ ಹಾಡು ಕಡಿಮೆಯಾಗುತ್ತ ಬರುತ್ತದೆ. ಆರು, ಏಳಕ್ಕೆ ಬರುವಷ್ಟರಲ್ಲಿ ಪದ್ಯ ಎಂದರೆ ಪ್ರಶ್ನೋತ್ತರ. ಪ್ರತಿಭಾ ಕಾರಂಜಿಯ ಪದ್ಯ ವಾಚನ, ಕಂಠಪಾಠ ಸ್ಪರ್ಧೆಗಳು ಎಷ್ಟೋ ನಾಚಿಕೆಯ ಮಕ್ಕಳಿಗೆ ಮೊದಲ ವೇದಿಕೆ ಕೊಟ್ಟಿವೆ, ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದರೆ ಅಲ್ಲಿ ಚಂದಿರ ಎಂದರೆ ಕೈ ಮೇಲಕ್ಕೆ, ಅಮ್ಮ ಎಂದರೆ ಕೈ ಎದೆಗೆ ಎಂದು ಮಗುವಿಗೆ ಕಲಿಸಿಬಿಡುತ್ತೇವೆ. ಆ ಹಾವಭಾವ ದೊಡ್ಡವರದು. ತನಗೆ ಯಾವ ಸಾಲಿನಲ್ಲಿ ನಿಲ್ಲಬೇಕೆನಿಸುತ್ತದೆ ಎಂದು ಮಗುವನ್ನು ಕೇಳಿ, ಅಲ್ಲಿ ನಿಲ್ಲಲು ಬಿಟ್ಟರೆ ಸಾಕು, ಓದು ಬೇರೆಯೇ ಆಗುತ್ತದೆ.

ನನ್ನ ಕ್ರಮ ಸರಳ. ಮೊದಲ ಓದು ನನ್ನದು, ಪುಸ್ತಕಗಳೆಲ್ಲ ಮುಚ್ಚಿರಬೇಕು. ಎರಡನೆಯದು ಎಲ್ಲರೂ ಕೂಡಿ. ಮೂರನೆಯ ಸಲ ಒಬ್ಬರು ಓದುತ್ತಾರೆ, ಉಳಿದವರು ತಮಗೆ ಹಿಡಿಸಿದ ಪದ ಬಂದಾಗ ಕೈ ಎತ್ತುತ್ತಾರೆ. ಯಾಕೆ ಹಿಡಿಸಿತು ಎಂದು ಅಂದೇ ಕೇಳುವುದಿಲ್ಲ. ಮರುದಿನ ಪದ್ಯವನ್ನು ಹಲಗೆಯ ಮೇಲೆ ಬರೆದು, ಸಾಲಿಗೊಂದು ಪದದಂತೆ ಡಸ್ಟರಿನಿಂದ ಒರೆಸಿ, ಆ ಜಾಗಕ್ಕೆ ಬೇರೆ ಪದ ಹಾಕಲು ಹೇಳುತ್ತೇನೆ. ಕತ್ತಲೆ ಇದ್ದಲ್ಲಿ ಇರುಳು ಹಾಕುತ್ತಾರೆ, ರಾತ್ರಿ ಹಾಕುತ್ತಾರೆ. ಕತ್ತಲೆಗೆ ನಾಲ್ಕು ಮಾತ್ರೆ, ಇರುಳಿಗೆ ಮೂರು, ರಾತ್ರಿಗೂ ಮೂರು; ಆದರೆ ಇರುಳು ಮೆಲ್ಲಗೆ ಇಳಿಯುತ್ತದೆ, ರಾತ್ರಿ ಥಟ್ಟನೆ ಬರುತ್ತದೆ ಎಂದು ಏಳನೆಯ ತರಗತಿಯ ಮಗು ಹೇಳಿದ ಮೇಲೆ, ಪದದ ಅರ್ಥಕ್ಕಾಗಿ ಪುಸ್ತಕದ ಕೊನೆಯ ಪುಟ ತೆರೆಯಬೇಕೆನಿಸುವುದಿಲ್ಲ. ಸಾರಾಂಶವನ್ನೂ ಬರೆಸುತ್ತೇನೆ. ಪರೀಕ್ಷೆ ಇದೆ, ಮಕ್ಕಳ ಅಂಕದ ಜೊತೆ ಆಟವಾಡುವ ಹಕ್ಕು ನನಗಿಲ್ಲ. ಆದರೆ ಅದು ಕೊನೆಗೆ, ಮತ್ತು ಅವರ ಮಾತಿನಲ್ಲಿ.

ಓದಿಸುವುದಕ್ಕಿಂತ ಬರೆಸುವುದು ಕಷ್ಟ. ‘ಮಳೆಯ ಮೇಲೆ ಒಂದು ಕವನ ಬರೆಯಿರಿ’ ಎಂದರೆ ನಲವತ್ತು ಮಕ್ಕಳೂ ಮಳೆ, ಬೆಳೆ, ಕೊಳೆ, ಇಳೆ ಎಂದು ಬರೆದು ತರುತ್ತಾರೆ. ಮಕ್ಕಳಲ್ಲಿ ಕಲ್ಪನೆ ಇಲ್ಲ ಎಂದು ಬೇಸರಿಸುವವರಿದ್ದಾರೆ. ಅವರು ಕೇಳಿದ ರೀತಿಯೇ ಆ ಉತ್ತರವನ್ನು ತಂದಿದೆ. ಕನ್ನಡದಲ್ಲಿ ಅಂತ್ಯಪ್ರಾಸ ಬಹಳ ಅಗ್ಗ. ನಮ್ಮ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ, ಪ್ರತ್ಯಯ ಒಂದೇ ಆಗಿರುತ್ತದೆ. ಓಡುತ್ತಾನೆ, ಹಾಡುತ್ತಾನೆ, ನೋಡುತ್ತಾನೆ ಎಂದು ಎಷ್ಟು ಸಾಲು ಬೇಕಾದರೂ ಎಳೆಯಬಹುದು. ಮಗು ಪ್ರಾಸದ ಬೆನ್ನು ಹತ್ತಿದ ಕೂಡಲೇ ತಾನು ಕಂಡದ್ದನ್ನು ಬಿಟ್ಟುಬಿಡುತ್ತದೆ.

ಅಮೆರಿಕದ ಕವಿ ಕೆನೆತ್ ಕೋಕ್ 1968ರಲ್ಲಿ ನ್ಯೂಯಾರ್ಕಿನ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಇದೇ ತೊಡಕನ್ನು ಎದುರಿಸಿದರು. ಪ್ರಾಸ ಬೇಡ ಎಂದು ಬಿಟ್ಟು, ಪ್ರತಿ ಸಾಲನ್ನೂ ‘ನನಗೆ ಆಸೆ’ ಎಂದೇ ಶುರುಮಾಡಿ ಎಂದು ಮಕ್ಕಳಿಗೆ ಹೇಳಿದರು. 1970ರಲ್ಲಿ ಬಂದ ಅವರ ಪುಸ್ತಕ ಆ ಮಕ್ಕಳ ಕವನಗಳಿಂದ ತುಂಬಿದೆ. ಆರಂಭದ ಪದವೊಂದನ್ನು ಕೊಟ್ಟುಬಿಟ್ಟರೆ ಮಗುವಿನ ಭಯ ಹೋಗುತ್ತದೆ ಎಂಬುದು ನಿಜ, ನಾನೂ ಮಾಡಿ ನೋಡಿದ್ದೇನೆ. ಆದರೆ ಲಯ, ಪ್ರಾಸಗಳನ್ನು ಪೂರಾ ಕೈಬಿಡಲು ನನಗೆ ಮನಸ್ಸಿಲ್ಲ. ಜೋಗುಳ, ಬೀಸುವ ಪದ, ಸೋಬಾನೆ, ಭಜನೆ ಕೇಳುತ್ತ ಬೆಳೆದ ಕಿವಿ ಅದು. ಅದನ್ನು ಹೊರಗೆ ನಿಲ್ಲಿಸಿ ಪದ್ಯ ಬರೆಸುವುದು ಸರಿಯಲ್ಲ.

ನಾನು ಹಿಡಿದ ದಾರಿ ಒಗಟಿನದು. ರೂಪಕ ಎಂದರೇನು ಎಂದು ವಿವರಿಸುವ ಬದಲು ಶಾಲೆಯಲ್ಲೇ ಇರುವ ಒಂದು ವಸ್ತುವನ್ನು ಹೆಸರು ಹೇಳದೆ ಹೇಳಿ ಎನ್ನುತ್ತೇನೆ. ಆರನೆಯ ತರಗತಿಯ ಇಬ್ಬರು ಹುಡುಗರು ಕೂಡಿ ಕಟ್ಟಿದ್ದು ಇದು: ‘ಏಟು ತಿಂದದ್ದು ಅದು, ಓಡಿದ್ದು ನಾವು.’ ಶಾಲೆ ಬಿಡುವ ಗಂಟೆ. ಒಗಟು ಕಟ್ಟಬಲ್ಲ ಮಗುವಿಗೆ ಅಲಂಕಾರದ ವ್ಯಾಖ್ಯೆ ಬಾರದಿದ್ದರೂ ನನಗೆ ಚಿಂತೆಯಿಲ್ಲ. ಅಲ್ಲಿಂದ ನಾಲ್ಕು ಸಾಲಿನ ಚುಟುಕಕ್ಕೆ ಹೋಗುವುದು ಸುಲಭ. ಅಂಕೋಲೆಯ ದಿನಕರ ದೇಸಾಯರು ಅದನ್ನು ಎಷ್ಟು ಹದವಾಗಿ ಪಳಗಿಸಿ ಇಟ್ಟಿದ್ದಾರೆಂದರೆ, ಅವರದೊಂದು ಕೇಳಿಸಿದರೆ ಸಾಕು, ತಮ್ಮದೊಂದು ಕಟ್ಟಲು ಮಕ್ಕಳು ತಾವಾಗಿ ಕೂರುತ್ತಾರೆ. ಕನ್ನಡದ ಮಕ್ಕಳ ಪದ್ಯವನ್ನು ಬೆಳೆಸಿದವರಲ್ಲಿ ಮೇಷ್ಟರೇ ಹೆಚ್ಚು. ಪಂಜೆ ಮಂಗೇಶರಾಯರು ಶಿಕ್ಷಕರಾಗಿ, ಶಾಲಾ ಇನ್ಸ್‌ಪೆಕ್ಟರಾಗಿ ಕೆಲಸ ಮಾಡಿದವರು. ‘ತುತ್ತೂರಿ’ ಬರೆದ ರಾಜರತ್ನಂ, ಬ್ರೌನಿಂಗನ ಕವಿತೆಯೊಂದರಿಂದ ‘ಕಿಂದರಿಜೋಗಿ’ಯನ್ನು ಕನ್ನಡದ ಊರಿಗೆ ಕರೆತಂದ ಕುವೆಂಪು, ಇಬ್ಬರೂ ಕನ್ನಡದ ಅಧ್ಯಾಪಕರು.

ಇನ್ನು ನನ್ನ ಕೈಯಿಂದಾದ ಒಂದು ತಪ್ಪನ್ನು ಹೇಳಬೇಕು. ನಾನು ಹಾಸನದ ಕಡೆಯವಳು. ಮೊದಲ ಪೋಸ್ಟಿಂಗ್ ಕೊಪ್ಪಳ ಜಿಲ್ಲೆಯ ಒಂದು ಹಳ್ಳಿಗೆ ಆಯಿತು. ಆಗಿನ್ನೂ ಕೆಂಪು ಇಂಕಿನ ಪೆನ್ನಿನ ಮೇಲೆ ನನಗೆ ಬಹಳ ನಂಬಿಕೆ. ಎಂಟನೆಯ ತರಗತಿಯ ಒಬ್ಬ ಹುಡುಗ ಎರಡೇ ಸಾಲು ಬರೆದು ತಂದಿದ್ದ:

ಸೋರತೈತಿ ನಮ್ಮ ಮನಿ
ತಾಟಿನಾಗ ಬಿತ್ತು ಹನಿ

ನಾನು ತಿದ್ದಿದೆ. ‘ಸೋರುತ್ತಿದೆ ನಮ್ಮ ಮನೆ, ತಟ್ಟೆಯಲ್ಲಿ ಬಿತ್ತು ಹನಿ.’ ಶುದ್ಧ ಕನ್ನಡ ಬರೆಯಬೇಕು ಎಂದು ಕೆಳಗೆ ಷರಾ ಹಾಕಿದೆ. ಅವನು ಪಟ್ಟಿ ತೆಗೆದುಕೊಂಡು ಹೋದ. ಆ ವರ್ಷ ಮತ್ತೆ ಏನನ್ನೂ ಬರೆದು ತರಲಿಲ್ಲ. ಕೇಳಿದಾಗ ‘ಬರಂಗಿಲ್ರಿ’ ಎಂದಷ್ಟೇ ಹೇಳಿದ.

ನಾನು ಏನು ಮಾಡಿದೆ ಎಂದು ತಿಳಿಯಲು ನನಗೆ ಮೂರ್ನಾಲ್ಕು ವರ್ಷ ಹಿಡಿಯಿತು. ಒಂದು ದಿನ ಇನ್ನೊಂದು ತರಗತಿಗೆ ಪ್ರಸ್ತಾರ ಹಾಕಿಸುವಾಗ ಆ ಸಾಲು ನೆನಪಾಗಿ, ಹಲಗೆಯ ಮೇಲೆ ಬರೆದು ಚಪ್ಪಾಳೆ ಹಾಕಿದೆ. ಸೋರ, ತೈತಿ, ನಮ್ಮ, ಮನಿ: ಮೂರು, ಮೂರು, ಮೂರು, ಎರಡು. ತಾಟಿ, ನಾಗ, ಬಿತ್ತು, ಹನಿ: ಮೂರು, ಮೂರು, ಮೂರು, ಎರಡು. ಒಂದು ಮಾತ್ರೆಯೂ ಹೆಚ್ಚುಕಡಿಮೆ ಇಲ್ಲ. ನನ್ನ ತಿದ್ದುಪಡಿಯ ‘ಸೋರುತ್ತಿದೆ’ ನಾಲ್ಕು, ಎರಡಾಗಿ ಒಡೆಯುತ್ತದೆ. ನಡಿಗೆ ಮೊದಲ ಹೆಜ್ಜೆಯಲ್ಲೇ ಎಡವುತ್ತದೆ. ಮನಿಗೂ ಹನಿಗೂ ಇದ್ದ ಪ್ರಾಸ, ಮನಿಯನ್ನು ಮನೆ ಮಾಡಿದ ಕೂಡಲೇ ಕೆಟ್ಟಿತು. ಅವನ ಮಾತಿನಲ್ಲಿ ಅದು ಪದ್ಯವಾಗಿತ್ತು. ಅದನ್ನು ಕೆಡಿಸಿ ಅದಕ್ಕೆ ಶುದ್ಧ ಎಂಬ ಹೆಸರಿಟ್ಟವಳು ನಾನು. ಸೋರುವ ಮನೆಯಲ್ಲಿ, ಉಣ್ಣುವ ತಾಟಿನಲ್ಲಿ ಬಿದ್ದ ಹನಿಯನ್ನು ಅವನು ನನಗೆ ತೋರಿಸಲು ತಂದಿದ್ದ. ನಾನು ಅವನ ಕಾಗುಣಿತ ನೋಡಿದೆ.

ಧಾರವಾಡದ ಆಡುಮಾತಿನಲ್ಲಿ ಬರೆದ ಬೇಂದ್ರೆ ನಮಗೆ ವರಕವಿ. ‘ನಾಕುತಂತಿ’ಗೆ ಜ್ಞಾನಪೀಠ ಬಂದದ್ದನ್ನು ಕವಿ ಪರಿಚಯದಲ್ಲಿ ಬರ್ಕೊಳ್ಳಿ ಎನ್ನುತ್ತೇವೆ. ರಾಜರತ್ನಂ ಅವರ ರತ್ನ ಕುಡುಕನ ಭಾಷೆಯಲ್ಲಿ ಹಾಡಿದ್ದಕ್ಕೆ ಕನ್ನಡ ಹೆಮ್ಮೆ ಪಡುತ್ತದೆ. ಅದೇ ಮಾತು ಮಗುವಿನ ಪಟ್ಟಿಯಲ್ಲಿ ಬಂದರೆ ಕೆಂಪು ಗೆರೆ ಎಳೆಯುತ್ತೇವೆ. ಶಿಷ್ಟ ಕನ್ನಡ ಬೇಡವೇ ಎಂದರೆ ಖಂಡಿತ ಬೇಕು. ಅರ್ಜಿ ಬರೆಯಲು, ಪ್ರಬಂಧ ಬರೆಯಲು, ನಾಡಿನ ಇನ್ನೊಂದು ತುದಿಯ ಜನರೊಡನೆ ವ್ಯವಹರಿಸಲು ಬೇಕು. ಅದನ್ನು ನಾನು ಗದ್ಯದ ಪಾಠದಲ್ಲಿ ಕಟ್ಟುನಿಟ್ಟಾಗಿ ಕಲಿಸುತ್ತೇನೆ. ಪದ್ಯಕ್ಕೆ ಬೇರೆ ಪಟ್ಟಿ ಇಡಿಸಿದ್ದೇನೆ. ಆ ಪಟ್ಟಿಯಲ್ಲಿ ಕೆಂಪು ಇಂಕು ಇಲ್ಲ, ಅಂಕವೂ ಇಲ್ಲ. ಏನಾದರೂ ಹೇಳಬೇಕೆನಿಸಿದರೆ ಪೆನ್ಸಿಲಿನಲ್ಲಿ ಒಂದು ಪ್ರಶ್ನೆ ಬರೆಯುತ್ತೇನೆ: ಆಮೇಲೆ ಏನಾಯಿತು? ಅದರ ವಾಸನೆ ಹೇಗಿತ್ತು? ಆಗ ಅಲ್ಲಿ ಯಾರಿದ್ದರು? ತಿಂಗಳಿಗೊಮ್ಮೆ ಅವರೇ ಆರಿಸಿದ ಪದ್ಯಗಳು ಗೋಡೆ ಪತ್ರಿಕೆಗೆ ಹೋಗುತ್ತವೆ. ಅಂಟಿಸುವುದು ನೀರಿನ ಟ್ಯಾಂಕಿನ ಪಕ್ಕದ ಗೋಡೆಗೆ, ಎಲ್ಲರೂ ಸಾಲು ನಿಲ್ಲುವ ಜಾಗ ಅದು.

ಈಗ ಮಳೆಯ ಮೇಲೆ ಬರೆಯಿರಿ ಎಂದು ಕೇಳುವುದನ್ನೂ ಬಿಟ್ಟಿದ್ದೇನೆ. ‘ಮಳೆ ಬಂದಾಗ ನಿಮ್ಮ ಮನೆಯಲ್ಲಿ ಯಾರು ಮೊದಲು ಏಳುತ್ತಾರೆ, ಏನು ಮಾಡುತ್ತಾರೆ?’ ಎಂದು ಕೇಳುತ್ತೇನೆ. ಹೋದ ಮಳೆಗಾಲದಲ್ಲಿ ಏಳನೆಯ ತರಗತಿಯ ಒಬ್ಬ ಹುಡುಗಿ ಮೂರು ಸಾಲು ಬರೆದಳು. ಮಾತೇ ಆಡದ ಹುಡುಗಿ. ಅವಳ ಪರವಾಗಿ ಪಕ್ಕದವಳು ಎದ್ದು ಓದಿದಳು:

ಮಳಿ ಬಂದ್ರ ನಮ್ಮವ್ವ
ಮೊದ್ಲ ಕಟಗಿ ಒಳಗಿಡತಾಳ
ಆಮ್ಯಾಲ ನನ್ನ ಕರೀತಾಳ

ತರಗತಿ ಸುಮ್ಮನಾಯಿತು. ಕಟ್ಟಿಗೆ ಮೊದಲು, ಮಗಳು ಆಮೇಲೆ ಎಂಬುದು ಎಲ್ಲರಿಗೂ ತಟ್ಟಿತ್ತು. ಅವ್ವನಿಗೆ ಪ್ರೀತಿ ಕಡಿಮೆಯೇ ಎಂದು ನಾನು ಕೇಳಲು ಹೊರಟವಳು ಬಾಯಿ ಮುಚ್ಚಿಕೊಂಡೆ, ಯಾಕೆಂದರೆ ಅಷ್ಟರಲ್ಲಿ ಕಿಟಕಿಯ ಪಕ್ಕದ ಹುಡುಗನೊಬ್ಬ ಕೇಳಿದ: ‘ಕಟಗಿ ತೊಯ್ದಿದ್ದುವೇನು? ಒಲಿ ಹತ್ತಿತೇನು?’ ಇನ್ನೊಬ್ಬಳು, ಕಟಗಿ ತೊಯ್ದರೆ ರೊಟ್ಟಿ ಇಲ್ಲ, ಅದಕ್ಕೇ ಅವ್ವ ಅದನ್ನು ಮೊದಲು ಇಟ್ಟಳು ಎಂದಳು. ಮಗಳು ತೊಯ್ದರೆ ಒಣಗುತ್ತಾಳೆ ಎಂದ ಮತ್ತೊಬ್ಬ. ಬರೆದವಳು ತಲೆ ತಗ್ಗಿಸಿಕೊಂಡು ಎಲ್ಲವನ್ನೂ ಕೇಳುತ್ತಿದ್ದಳು. ನಾನು ಪೆನ್ಸಿಲಿನಲ್ಲಿ ಆ ಹುಡುಗನ ಪ್ರಶ್ನೆಯನ್ನೇ ಬರೆದು ಪಟ್ಟಿ ವಾಪಸ್ ಕೊಟ್ಟೆ.

ಮರುದಿನ ಪ್ರಾರ್ಥನೆಗೂ ಮೊದಲೇ ಬಂದು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದಳು. ನಾಲ್ಕನೆಯ ಸಾಲು ಬರೆದು ತಂದಿದ್ದಳು:

ಹೊಗಿಗೆ ಇಬ್ರೂ ಅಳತೀವಿ